ಐದು ಲಿಂಕ್, ಒಂದು ಕೀಪ್ಯಾಡ್ ಫೋನ್

ಮಂಡ್ಯದ ಒಂದು ಪುಟ್ಟ ಚರ್ಚ್‌ನಲ್ಲಿ ನಾನು ಆಫೀಸ್ ಗುಮಾಸ್ತ. ಚಂದಾ ರಸೀದಿ ಬರೆಯುವುದು, ಸಭೆಯ ರಿಜಿಸ್ಟರ್ ನೋಡಿಕೊಳ್ಳುವುದು, ಭಾನುವಾರ ಮೈಕ್ ಕಟ್ಟುವುದು ನನ್ನ ಕೆಲಸ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದಾಗ ಆನ್‌ಲೈನ್ ಆರಾಧನೆಯೂ ನನ್ನ ತಲೆಗೇ ಬಂತು. ಸಂಬಳ ಅಷ್ಟೇ ಇತ್ತು.

ಯೂಟ್ಯೂಬ್ ಲೈವ್ ಮಾಡಿ ಅಂದರು ಕಮಿಟಿಯವರು. ಫೋನಿನಿಂದ ಲೈವ್ ಬಿಡಲು ಆಗ ಸಾವಿರ ಸಬ್‌ಸ್ಕ್ರೈಬರ್ ಬೇಕಿತ್ತು. ನಮ್ಮಲ್ಲಿರುವುದೇ 62 ಕುಟುಂಬ. ಕೊನೆಗೆ ಜೂಮ್ ಅಂತ ಆಯಿತು. ಉಚಿತ ಖಾತೆಯಲ್ಲಿ 40 ನಿಮಿಷ ಮಾತ್ರ. ದುಡ್ಡು ಕಟ್ಟೋಣ ಅಂದರೆ ಖಜಾಂಚಿಯವರು, "ಚರ್ಚೇ ಮುಚ್ಚಿದೆ, ಕಾಣಿಕೆ ಎಲ್ಲಿಂದ ಬರುತ್ತೆ?" ಅಂದರು. ಶುಭ ಶುಕ್ರವಾರದ ಆರಾಧನೆ ಮೂರು ಗಂಟೆ, ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳ ಮೇಲೆ ಒಂದೊಂದಾಗಿ ಪ್ರಸಂಗ. ಲೆಕ್ಕ ಹಾಕಿ ಐದು ಲಿಂಕ್ ಮಾಡಿ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಏಪ್ರಿಲ್ 10. ಸಭಾಪಾಲಕರ ಮನೆಯ ಹಾಲಿನಲ್ಲಿ ಸ್ಟೂಲಿನ ಮೇಲೆ ಫೋನ್. ಮೊದಲ ಎರಡು ಲಿಂಕ್ ಹೇಗೋ ಕಳೆಯಿತು. "ಯಾಕೆ ಕೈಬಿಟ್ಟೆ" ಅನ್ನುವ ನಾಲ್ಕನೇ ಮಾತು ಶುರುವಾಯಿತು, ಕರೆ ಕಟ್ ಆಯಿತು. ಗಡಿಬಿಡಿಯಲ್ಲಿ ಮೂರನೇ ಲಿಂಕ್ ತೆರೆದು ಫೋನ್ ನಿಲ್ಲಿಸಿ ಹಿಂದೆ ಸರಿದೆ. ಸೆಲ್ಫಿ ಕ್ಯಾಮೆರಾ, ಹಾಗಾಗಿ ಸ್ಕ್ರೀನ್ ಸಭಾಪಾಲಕರ ಕಡೆಗಿತ್ತು. ಅವರು ಕನ್ನಡಕ ತೆಗೆದಿದ್ದರು. ಇಪ್ಪತ್ತು ನಿಮಿಷ ಅದ್ಭುತವಾಗಿ ಮಾತಾಡಿದರು. ನನಗೇ ಕಣ್ಣಲ್ಲಿ ನೀರು ಬಂತು. ಎಲ್ಲರೂ ಎಷ್ಟು ಶಿಸ್ತಾಗಿ ಮ್ಯೂಟ್ ಮಾಡಿಕೊಂಡಿದ್ದಾರೆ ಅಂದುಕೊಂಡೆ.

ಕೇಳುತ್ತಿದ್ದದ್ದು ನಾನೊಬ್ಬನೇ! ಆ ತಿಂಗಳು 5ನೇ ತಾರೀಕಿನಿಂದ ಜೂಮ್‌ನಲ್ಲಿ ವೇಟಿಂಗ್ ರೂಮ್ ತಾನಾಗಿಯೇ ಆನ್ ಆಗಿರುತ್ತಿತ್ತು, ಅಂದರೆ ನಾವು ಒಳಗೆ ಬಿಡುವ ತನಕ ಎಲ್ಲರೂ ಹೊರಗೇ ಕಾಯಬೇಕು. ಮೊದಲೆರಡು ಸಲ ಒಬ್ಬೊಬ್ಬರನ್ನೇ ಒಳಗೆ ಬಿಟ್ಟಿದ್ದ ನಾನೇ ಮೂರನೇ ಸಲ ಮರೆತಿದ್ದೆ. ಸೈಲೆಂಟ್‌ನಲ್ಲಿದ್ದ ನನ್ನ ಸ್ವಂತ ಫೋನಿನಲ್ಲಿ 14 ಮಿಸ್ಡ್ ಕಾಲ್. ಸಭಾಪಾಲಕರು ಏನೂ ಅನ್ನಲಿಲ್ಲ. ಕನ್ನಡಕ ಹಾಕಿಕೊಂಡು ನಾಲ್ಕನೇ ಮಾತನ್ನು ಮೊದಲಿನಿಂದ ಶುರು ಮಾಡಿದರು. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಇದನ್ನು ಈಗ ಹೇಳಿಕೊಂಡು ನಗುತ್ತೇವೆ. ನಗು ಬರದಿರುವುದು ಮರುದಿನದ ಫೋನಿಗೆ. ಒಬ್ಬ ಅಜ್ಜಿ ಆಫೀಸ್ ನಂಬರಿಗೆ ಮಾಡಿದ್ದರು. "ನಿನ್ನೆ ಆರಾಧನೆ ಮಾಡ್ಲೇ ಇಲ್ವಾಪ್ಪ? ಹೋಗ್ಲಿ ಬುಡು, ನಾನೊಬ್ಳೇ ಕೂತು ಪ್ರಾರ್ಥನೆ ಮಾಡ್ಕಂಡೆ."

ರಿಜಿಸ್ಟರ್ ತೆಗೆದು ಕೂತೆ. 23 ಮನೆಗಳಲ್ಲಿ ಬರೀ ಕೀಪ್ಯಾಡ್ ಫೋನ್. ಮೂರು ವಾರದಿಂದ ಆ ಪುಸ್ತಕ ನನ್ನ ಮೇಜಿನ ಮೇಲೇ ಇತ್ತು. ನಾನು ಮಾತ್ರ ಲಿಂಕ್ ಎಣಿಸುತ್ತಿದ್ದೆ.

ದಾರಿ ತೋರಿಸಿದ್ದು ಸ್ತ್ರೀಯರ ಕೂಟದ ಅಕ್ಕನೊಬ್ಬರು. ಮಾಮೂಲಿ ಫೋನಿನಲ್ಲೇ ಐದು ಜನರನ್ನು ಕಾನ್ಫರೆನ್ಸ್‌ಗೆ ಸೇರಿಸಬಹುದಲ್ವಾ ಅಂದರು. ಡೇಟಾ ಬೇಡ, ಲಿಂಕ್ ಬೇಡ, ಅಜ್ಜಿ ಫೋನ್ ಎತ್ತಿದರೆ ಸಾಕು. ಈಸ್ಟರ್ ಬೆಳಿಗ್ಗೆ ಆರು ಜನ ಅಕ್ಕಂದಿರು ತಲಾ ಹೆಚ್ಚೆಂದರೆ ನಾಲ್ಕು ಮನೆ ಅಂತ ಹಂಚಿಕೊಂಡರು. ಐದನೆಯವರಾಗಿ ಸಭಾಪಾಲಕರು ಒಂದೊಂದು ಗುಂಪಿಗೂ ಹತ್ತು ನಿಮಿಷ ಸೇರಿಕೊಂಡರು. ಹಾಡು ಮಾತ್ರ ಗಲಿಬಿಲಿ, ಒಬ್ಬರು ಪಲ್ಲವಿ ಮುಗಿಸುವಾಗ ಇನ್ನೊಬ್ಬರು ಶುರು ಮಾಡುತ್ತಿದ್ದರು. ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ.

ಆಮೇಲೂ ಒಂದು ಪೆಟ್ಟು ತಿಂದೆ. ಪ್ರಸಂಗದ ಆಡಿಯೊವನ್ನು ವಾಟ್ಸಾಪ್ ಬ್ರಾಡ್‌ಕಾಸ್ಟ್‌ನಲ್ಲಿ ಕಳಿಸಿದೆ. ನಮ್ಮ ನಂಬರ್ ಸೇವ್ ಮಾಡಿಕೊಂಡವರಿಗಷ್ಟೇ ಅದು ಹೋಗುತ್ತದೆ. ಚಂದಾ ಕೇಳುವ ಆಫೀಸ್ ನಂಬರನ್ನು ಯಾರು ಸೇವ್ ಮಾಡಿಕೊಳ್ಳುತ್ತಾರೆ?

ಜೂನ್ 8ಕ್ಕೆ ಚರ್ಚ್ ತೆರೆಯಲು ಅನುಮತಿ ಸಿಕ್ಕಿತು. 65 ದಾಟಿದವರು ಮನೆಯಲ್ಲೇ ಇರಿ ಅಂದಿದ್ದರಿಂದ ಕಾನ್ಫರೆನ್ಸ್ ನಿಲ್ಲಿಸಲಿಲ್ಲ. ಹಾಸಿಗೆ ಹಿಡಿದವರಿಗೆ ಇವತ್ತಿಗೂ ನಡೆಯುತ್ತಿದೆ.

ರಿಜಿಸ್ಟರ್‌ನಲ್ಲಿ ಆ ಮನೆಗಳ ಪಕ್ಕ ಕೆಂಪು ಪೆನ್ನಿನಲ್ಲಿ 'ಕೀ' ಅಂತ ಬರೆದಿಟ್ಟಿದ್ದೇನೆ. ಮೊನ್ನೆ ಹೊಸ ಖಜಾಂಚಿ ನೋಡಿ ಗಾಬರಿಯಾದರು. "ಏನ್ರೀ ಇದು, ಇಷ್ಟು ಜನರ ಹತ್ತಿರ ಚರ್ಚಿನ ಬೀಗದ ಕೈ ಕೊಟ್ಟಿದ್ದೀರಾ?"