ನಡುವಿನ ಸೀಟಿನ ಬೆಲ್ಟು

ನಮ್ಮ ಕಾರಿನ ಹೊಸ ಮಾಡೆಲ್ ಬಂದಿದೆ. ಅದು ಬಂದಾಗಿನಿಂದ ಮನೆಯಲ್ಲಿ ಬೇರೆ ಮಾತೇ ಇಲ್ಲ. ನಮ್ಮ ಮನೆಯವರು ರಾತ್ರಿ ಫೋನ್ ಹಿಡಿದು ಕೂತರೆ ಅದರದ್ದೇ ವಿಡಿಯೊ, ಹತ್ತು ವರ್ಷದ ಮಗಳು ಆಗಲೇ ಬಣ್ಣ ಆರಿಸಿಟ್ಟಿದ್ದಾಳೆ, ನಾಲ್ಕು ವರ್ಷದ ಮಗನಿಗೆ ಮೇಲಿನ ಗಾಜು ತೆರೆಯುತ್ತದೆ ಅನ್ನೋದೊಂದೇ ಗೊತ್ತು, ಅಷ್ಟು ಸಾಕು ಅವನಿಗೆ. ಮಾವ ಮಾತ್ರ "ಇರೋ ಗಾಡಿಗೆ ಏನಾಗಿದೆ?" ಅಂತ ಕೇಳಿ ಸುಮ್ಮನಾದರು.

ಆ ಪ್ರಶ್ನೆಗೆ ಸರಿಯಾದ ಉತ್ತರ ಸಿಗೋಕೆ ನನಗೆ ಎರಡು ತಿಂಗಳು ಬೇಕಾಯಿತು.

ಇರೋ ಗಾಡಿ 2016ರದ್ದು. 98 ಸಾವಿರ ಕಿಲೋಮೀಟರ್ ಓಡಿದೆ. ದಾರಿಯಲ್ಲಿ ಕೈಕೊಟ್ಟಿದ್ದು ಒಂದೇ ಸಲ, ಅದೂ ಬ್ಯಾಟರಿ ಸತ್ತು. ಆದರೆ ಈ ಸಲ ಸರ್ವೀಸಿಗೆ ಬಿಟ್ಟಾಗ ಮೆಕ್ಯಾನಿಕ್ ಒಂದು ಪಟ್ಟಿ ಕೊಟ್ಟ. ಟೈಮಿಂಗ್ ಬೆಲ್ಟ್ ಬದಲಾಯಿಸಬೇಕು, ಹಿಂದಿನ ಶಾಕ್ ಅಬ್ಸಾರ್ಬರ್ ಎರಡೂ ಹೋಗಿವೆ, ಟೈರು ನಾಲ್ಕೂ ಹಾಕಿಸಬೇಕು. ಟೈಮಿಂಗ್ ಬೆಲ್ಟನ್ನು ಮುಂದಕ್ಕೆ ಹಾಕೋ ಹಾಗಿಲ್ಲ. ಎಂಜಿನ್ನಿನ ಪಿಸ್ಟನ್ನು, ವಾಲ್ವುಗಳನ್ನು ಒಂದೇ ತಾಳಕ್ಕೆ ಕುಣಿಸುವ ರಬ್ಬರ್ ಪಟ್ಟಿ ಅದು. ಓಡುವಾಗ ಕಿತ್ತು ಹೋದರೆ ನಮ್ಮಂಥ ಎಂಜಿನ್ನಿನಲ್ಲಿ ಪಿಸ್ಟನ್ ಹೋಗಿ ವಾಲ್ವಿಗೆ ಬಡಿಯುತ್ತದೆ, ಆಮೇಲೆ ಎಂಜಿನ್ನನ್ನೇ ಬಿಚ್ಚಬೇಕು. ಟೈರಿನ ವಿಷಯಕ್ಕೆ ಡಿಕ್ಕಿಯ ಕೆಳಗಿದ್ದ ಸ್ಟೆಪ್ನಿ ತೆಗೆದು ನೋಡಿದೆ. ಪಕ್ಕದಲ್ಲಿ ಅಚ್ಚಾಗಿದ್ದ ನಾಲ್ಕು ಅಂಕಿ 0816, ಅಂದರೆ 2016ರ ಎಂಟನೇ ವಾರದಲ್ಲಿ ತಯಾರಾದದ್ದು. ಒಂದು ದಿನವೂ ರಸ್ತೆ ಕಂಡಿಲ್ಲ, ರಬ್ಬರಿನ ಮೇಲಿನ ಸಣ್ಣ ಕೂದಲು ಕೂಡ ಹಾಗೇ ಇದೆ, ಆದರೂ ಅಂಚಿನಲ್ಲಿ ಗೆರೆಗೆರೆಯಾಗಿ ಬಿರುಕು. ಓಡದಿದ್ದರೂ ಟೈರಿಗೆ ವಯಸ್ಸಾಗುತ್ತದೆ ಅನ್ನೋದು ಗೊತ್ತಿತ್ತು, ಕಣ್ಣಾರೆ ನೋಡಿದ್ದು ಆವತ್ತೇ.

ಪಟ್ಟಿ ನೋಡಿದ ಕೂಡಲೇ ನಮ್ಮ ಮನೆಯವರಿಗೆ ಕಾರಣ ಸಿಕ್ಕಿತು. "ಇಷ್ಟೆಲ್ಲ ಸುರಿಯೋ ಬದಲು ಹೊಸದೇ ತಗೊಳ್ಳೋಣ" ಅಂದರು. ಕೇಳೋಕೆ ಸರಿ ಅನಿಸುತ್ತದೆ. ಆದರೆ ಕೂತು ಲೆಕ್ಕ ಹಾಕಿದರೆ ಆ ರಿಪೇರಿ ಪೂರ್ತಿ ಸೇರಿ ಹೊಸ ಕಾರಿನ ನಾಲ್ಕು ತಿಂಗಳ ಕಂತಿಗೂ ಸಮ ಆಗಲಿಲ್ಲ. ಹಳೇ ಗಾಡಿಯ ಖರ್ಚು ಒಂದೇ ಸಲ ಎದುರಿಗೆ ಬಂದು ನಿಲ್ಲುತ್ತೆ, ಅದಕ್ಕೇ ದೊಡ್ಡದಾಗಿ ಕಾಣುತ್ತೆ. ಹೊಸ ಗಾಡಿಯದ್ದು ಪ್ರತಿ ತಿಂಗಳು ಸದ್ದಿಲ್ಲದೆ ಖಾತೆಯಿಂದ ಹೋಗ್ತಾ ಇರುತ್ತೆ.

ಮುಂದಿನ ವಾದ ಮೈಲೇಜ್. ನಮ್ಮದು ಲೀಟರಿಗೆ 13 ಕೊಡುತ್ತದೆ, ಹೊಸದು 19 ಅಂತ ಕಂಪನಿ ಹೇಳುತ್ತದೆ. ಆ 19 ಪ್ರಯೋಗಾಲಯದಲ್ಲಿ ರೋಲರ್ ಮೇಲೆ ಓಡಿಸಿ ತೆಗೆದ ಲೆಕ್ಕ, ಐದು ಜನ ಕೂತು ಎಸಿ ಹಾಕಿಕೊಂಡು ಟ್ರಾಫಿಕ್‌ನಲ್ಲಿ ಹೋಗೋ ನಮಗೆ ಅಷ್ಟು ಬರಲ್ಲ. 16 ಅಂತ ಇಟ್ಟುಕೊಳ್ಳೋಣ. ವರ್ಷಕ್ಕೆ ನಾವು ಓಡಿಸೋದು ಸುಮಾರು 10 ಸಾವಿರ ಕಿಲೋಮೀಟರ್. ಹಳೆಯದಕ್ಕೆ 769 ಲೀಟರ್ ಬೇಕು, ಹೊಸದಕ್ಕೆ 625. ಉಳಿತಾಯ 144 ಲೀಟರ್, ನಮ್ಮ 45 ಲೀಟರ್ ಟ್ಯಾಂಕನ್ನು ಮೂರು ಸಲ ತುಂಬಿಸಿದಷ್ಟು. ವರ್ಷಕ್ಕೆ ಮೂರು ಟ್ಯಾಂಕ್ ಉಳಿಸೋಕೆ ಹೊಸ ಕಾರಾ? ಇದನ್ನು ಹೇಳಿದ ಮೇಲೆ ಮೈಲೇಜ್ ವಿಷಯ ಮತ್ತೆ ಬರಲಿಲ್ಲ.

ಆದರೂ ನೋಡಿ ಬರೋಣ ಅಂತ ಹೊರಟೆವು. ನೋಡೋಕೆ ದುಡ್ಡು ಕೊಡಬೇಕಾ?

ನಾನು ಮಾವನ ಮಡಚೋ ವಾಕರ್, ಕಾರಿನಲ್ಲಿ ಮಗನನ್ನು ಕೂರಿಸೋ ಪುಟ್ಟ ಸೀಟು ಎರಡನ್ನೂ ಡಿಕ್ಕಿಗೆ ಹಾಕಿಕೊಂಡು ಹೋದೆ. ಶೋರೂಮಿನ ಹುಡುಗ ಅದನ್ನು ಇಳಿಸೋದು ನೋಡಿ ಸ್ವಲ್ಪ ಗಾಬರಿಯಾದ. ಹೊಸ ಮಾಡೆಲ್ ಉದ್ದ ಆಗಿ ಮೂರನೇ ಸಾಲು ಬಂದಿದೆ, ಏಳು ಜನ ಕೂರಬಹುದು ಅಂತ ಅವನು ಶುರು ಮಾಡಿದ. ಸರಿ ಅಂತ ಹಿಂದೆ ಹತ್ತಿದೆ. ಎರಡನೇ ಸಾಲಿನ ಸೀಟು ಮಡಚಿ, ತಲೆ ಬಗ್ಗಿಸಿ, ಒಂದು ಕಾಲು ಒಳಗಿಟ್ಟು, ಕೈ ಎಲ್ಲಿ ಊರಬೇಕು ಗೊತ್ತಾಗದೆ ಸೀಟಿನ ಬೆನ್ನು ಹಿಡಿದು ಹೇಗೋ ಕೂತಾಗ ಮಂಡಿ ಎದೆಯ ಹತ್ತಿರ ಇತ್ತು, ತೊಡೆಗೆ ಆಧಾರವೇ ಇಲ್ಲ. ಮಕ್ಕಳಿಗೆ ಸರಿ ಅಂದ ಹುಡುಗ. ಮಕ್ಕಳನ್ನು ಅಲ್ಲಿ ಕೂರಿಸಿದರೆ ಹಿಂದಿನ ಗಾಜಿಗೂ ಅವರ ತಲೆಗೂ ಒಂದು ಗೇಣು ಜಾಗ. ಅಲ್ಲಿ ಮಗನ ಸೀಟನ್ನು ಸಿಕ್ಕಿಸೋ ಐಸೋಫಿಕ್ಸ್ ಕೊಂಡಿಯೂ ಇರಲಿಲ್ಲ.

ಆಮೇಲೆ ಡಿಕ್ಕಿ. ಮೂರನೇ ಸಾಲು ಎತ್ತಿಟ್ಟಾಗ 200 ಲೀಟರ್ ಅಂತ ಪುಸ್ತಕದಲ್ಲಿತ್ತು. ಈ ಲೀಟರ್ ಲೆಕ್ಕ ಹೇಗೆ ಅಂತ ಹಿಂದಿನ ದಿನವೇ ಓದಿದ್ದೆ. ತುಂಬಾ ಕಂಪನಿಗಳು ಅನುಸರಿಸೋ ಜರ್ಮನ್ ಪದ್ಧತಿಯಲ್ಲಿ 20 ಸೆಂಟಿಮೀಟರ್ ಉದ್ದ, 10 ಅಗಲ, 5 ದಪ್ಪದ ತುಂಡುಗಳನ್ನು ಒಳಗೆ ಜೋಡಿಸಿ ಎಷ್ಟು ಹಿಡಿಸಿತು ಅಂತ ಎಣಿಸುತ್ತಾರೆ, ಒಂದು ತುಂಡು ಒಂದು ಲೀಟರ್. ಮೂಲೆ ಮೂಲೆಗೂ ತೂರಿಸಬಹುದಾದ ಇಟ್ಟಿಗೆ ತುಂಡಿನಂಥ ವಸ್ತು. ಮಾವನ ವಾಕರ್ ಇಟ್ಟಿಗೆ ಅಲ್ಲವಲ್ಲ. ಅಡ್ಡ ಇಟ್ಟರೆ ಅಗಲ ಸಾಲದು, ನಿಲ್ಲಿಸಿದರೆ ಬಾಗಿಲು ಹಾಕೋಕಾಗಲ್ಲ. ಕೊನೆಗೆ ಮೂರನೇ ಸಾಲು ಮಡಚಿಯೇ ಇಡಬೇಕಾಯಿತು, ಅಂದರೆ ನಮ್ಮ ಪಾಲಿಗೆ ಅದು ಮತ್ತೆ ಐದು ಜನರ ಕಾರೇ.

ಓಡಿಸಿ ನೋಡಿದಾಗ ಗಾಡಿ ಚೆನ್ನಾಗಿತ್ತು, ಸುಳ್ಳು ಹೇಳಲ್ಲ. ಸದ್ದೇ ಇಲ್ಲ, ಹಳ್ಳ ದಿಣ್ಣೆ ಗೊತ್ತಾಗಲ್ಲ. ಆದರೆ ಎಸಿ ಗಾಳಿ ಕಡಿಮೆ ಮಾಡಿ ಅಂದರೆ ನಮ್ಮ ಮನೆಯವರು ಪರದೆ ಮೇಲೆ ಮೂರು ಕಡೆ ಒತ್ತಿದರು, ಅಷ್ಟರಲ್ಲಿ ಮುಂದಿನ ಗಾಡಿ ಬ್ರೇಕ್ ಹಾಕಿತ್ತು. ನಮ್ಮ ಹಳೇ ಕಾರಿನಲ್ಲಿ ಒಂದು ಗುಂಡಿ ಇದೆ, ಕಣ್ಣು ಮುಚ್ಚಿಕೊಂಡೇ ತಿರುಗಿಸಬಹುದು. ಯುರೋಪಿನಲ್ಲಿ ಕಾರುಗಳನ್ನು ಪರೀಕ್ಷಿಸಿ ಸುರಕ್ಷತೆಗೆ ಸ್ಟಾರ್ ಕೊಡೋ ಯುರೋ ಎನ್‌ಕ್ಯಾಪ್‌ನವರು 2026ರಿಂದ ಇಂಡಿಕೇಟರ್, ಹಾರ್ನ್, ವೈಪರ್, ಅಪಾಯದ ದೀಪ ಇಂಥವಕ್ಕೆ ಕೈಗೆ ಸಿಗೋ ಗುಂಡಿ ಇಲ್ಲದಿದ್ದರೆ ಅಂಕ ಕಡಿಮೆ ಮಾಡುವ ನಿಯಮ ತಂದಿದ್ದಾರೆ. ಆ ಪಟ್ಟಿಯಲ್ಲಿ ಎಸಿಯನ್ನೂ ಸೇರಿಸಬೇಕಿತ್ತು ಅಂತ ನನ್ನ ದೂರು.

ಇಲ್ಲಿಯವರೆಗೆ ಬೇಡ ಅನ್ನೋ ಕಡೆಗೇ ತಕ್ಕಡಿ ವಾಲಿತ್ತು. ವಾಪಸ್ ಬರುವಾಗ ಹಿಂದೆ ನಡುವೆ ಕೂತು ನಾನು ಬೆಲ್ಟ್ ಹಾಕಿಕೊಂಡೆ. ಶೋರೂಮಿನ ಕಾರಿನಲ್ಲಿ ನಡುವಿನ ಸೀಟಿನಲ್ಲಿ ಕೂತಾಗ ಕೈ ತಾನಾಗಿ ಸೊಂಟದ ಹತ್ತಿರ ಹೋಗಿತ್ತು, ಅಲ್ಲಿ ಬೆಲ್ಟ್ ಇರಲಿಲ್ಲ, ಮೇಲಿನಿಂದ ಹೆಗಲ ಮೇಲೆ ಇಳಿದು ಬಂದಿತ್ತು. ನಮ್ಮ ಕಾರಿನಲ್ಲಿ ನಡುವಿನ ಸೀಟಿಗೆ ಇರೋದು ಸೊಂಟದ ಪಟ್ಟಿ ಮಾತ್ರ. ಒಂಬತ್ತು ವರ್ಷದಿಂದ ಅದನ್ನೇ ಕಟ್ಟಿಕೊಳ್ಳುತ್ತಿದ್ದೇನೆ, ಒಂದು ದಿನವೂ ಯೋಚನೆ ಮಾಡಿರಲಿಲ್ಲ.

ಆ ರಾತ್ರಿ ನಿದ್ದೆ ಬರಲಿಲ್ಲ. ಸೊಂಟದ ಪಟ್ಟಿ ಸೊಂಟವನ್ನು ಮಾತ್ರ ಹಿಡಿಯುತ್ತದೆ. ಗಾಡಿ ಡಿಕ್ಕಿ ಹೊಡೆದರೆ ಸೊಂಟದಿಂದ ಮೇಲಿನ ದೇಹ ಕತ್ತರಿ ಮಡಚಿದ ಹಾಗೆ ಮುಂದಕ್ಕೆ ಬಾಗುತ್ತದೆ, ತಲೆ ಹೋಗಿ ಎದುರಿಗೆ ಇರೋದಕ್ಕೆ ಬಡಿಯುತ್ತದೆ, ಪಟ್ಟಿ ಮೇಲಕ್ಕೆ ಜಾರಿದ್ದರೆ ಎಲ್ಲ ಒತ್ತಡ ಹೊಟ್ಟೆಯ ಮೇಲೆ. ಹೆಗಲಿನಿಂದ ಎದೆ ದಾಟಿ ಬರೋ ಮೂರು ಬಿಂದುವಿನ ಬೆಲ್ಟನ್ನು ವೋಲ್ವೊದ ಎಂಜಿನಿಯರ್ ನಿಲ್ಸ್ ಬೋಲಿನ್ ರೂಪಿಸಿದ್ದರು, ಅದು 1959ರಲ್ಲೇ ಕಾರಿಗೆ ಬಂದಿತ್ತು, ಪೇಟೆಂಟನ್ನು ಬೇರೆ ಕಂಪನಿಗಳೂ ಬಳಸಲಿ ಅಂತ ಬಿಟ್ಟುಕೊಟ್ಟಿದ್ದರು ಕೂಡ. ಅದಾದ 57 ವರ್ಷದ ಮೇಲೆ ನಾವು ಕೊಂಡ ಕಾರಿನಲ್ಲಿ ನಡುವೆ ಕೂರುವವರಿಗೆ ಅದು ಇಲ್ಲ. ಬೇರೆ ನಾಲ್ಕು ಸೀಟಿಗೂ ಇದೆ.

ಜಾಗ ಅದಲು ಬದಲು ಮಾಡೋಣ ಅಂತ ಕಾಗದದ ಮೇಲೆ ಚೌಕ ಬರೆದು ನೋಡಿದೆ. ಮಗನ ಸೀಟು ಐಸೋಫಿಕ್ಸ್ ಇರೋ ಕಿಟಕಿ ಪಕ್ಕವೇ ಆಗಬೇಕು. ಮಗಳು 132 ಸೆಂಟಿಮೀಟರ್, ಬೆಲ್ಟ್ ಸರಿಯಾಗಿ ಕೂರೋ ಹಾಗೆ ಮಕ್ಕಳನ್ನು ಎತ್ತರಿಸೋ ಬೂಸ್ಟರ್ ಸೀಟು ಇನ್ನೂ ಬೇಕು, ಬೂಸ್ಟರಿಗೆ ಮೂರು ಬಿಂದುವಿನ ಬೆಲ್ಟೇ ಬೇಕು, ಹಾಗಾಗಿ ಅವಳು ಇನ್ನೊಂದು ಕಿಟಕಿ. ಮಾವನಿಗೆ ಮಂಡಿ ಮಡಚೋಕಾಗಲ್ಲ, ಮುಂದಿನ ಸೀಟು. ಹೇಗೆ ಕೂರಿಸಿದರೂ ಐದನೆಯವರು ನಡುವೆ ಇರಲೇಬೇಕಲ್ವಾ? ಮೆಕ್ಯಾನಿಕ್‌ನನ್ನು ಕೇಳಿದೆ, ಬೆಲ್ಟ್ ಹೊಸದು ಹಾಕಬಹುದಾ ಅಂತ. ಹಿಂದಿನ ಸೀಟು ಬಿಚ್ಚಿ ತೋರಿಸಿದ. ಮೇಲಿನ ಕೊಂಡಿ ಕೂರಿಸೋಕೆ ಬಾಡಿಯಲ್ಲಿ ಗಟ್ಟಿ ಜಾಗವೇ ಇಲ್ಲ, ತೆಳು ತಗಡು. "ಹಾಕಿ ಕೊಡಬಹುದು ಮೇಡಂ, ಬೇಕಾದಾಗ ಹಿಡಿಯಲ್ಲ" ಅಂದ. ಆ ಮನುಷ್ಯನ ಮೇಲೆ ಗೌರವ ಜಾಸ್ತಿಯಾಯಿತು.

ಮಾವನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಹೀಗೆ. ಇರೋ ಗಾಡಿಗೆ ಆಗಿರೋದು ಇದು ಒಂದೇ, ಆದರೆ ರಿಪೇರಿಯಿಂದ ಸರಿಹೋಗೋದಲ್ಲ.

ಇಷ್ಟಾದ ಮೇಲೆ ಹೊಸ ಮಾಡೆಲ್ ಬುಕ್ ಮಾಡಿಬಿಡೋದು ಸುಲಭ ಇತ್ತು, ನಮ್ಮ ಮನೆಯವರ ಮುಖವೂ ಅರಳಿತ್ತು. ನನಗೆ ಅಡ್ಡ ಬಂದದ್ದು ಹಳೇ ನೆನಪು. 2016ರಲ್ಲಿ ನಾವು ತಗೊಂಡಿದ್ದೂ ಹೀಗೇ, ಮಾಡೆಲ್ ಬಿಡುಗಡೆಯಾದ ಆರನೇ ವಾರದಲ್ಲಿ. ಮೊದಲ ವರ್ಷದಲ್ಲಿ ಪವರ್ ವಿಂಡೋ ಎರಡು ಸಲ ಒಳಗೆ ಬಿದ್ದುಹೋಯಿತು, ಬಾಗಿಲಿನ ರಬ್ಬರಿನಿಂದ ಮಳೆ ನೀರು ಒಳಗೆ ಬಂತು. ಕೇಳಿದರೆ ಬಿಡಿಭಾಗ ಇನ್ನೂ ಬಂದಿಲ್ಲ ಅನ್ನೋ ಉತ್ತರ. ವಾರಂಟಿ ಇತ್ತು ನಿಜ, ವಾರಂಟಿಯಿಂದ ನಮ್ಮ ರಜಾದಿನಗಳು ವಾಪಸ್ ಬರಲಿಲ್ಲ. ಆಮೇಲೆ ಬಂದ ಗಾಡಿಗಳಲ್ಲಿ ಆ ತೊಂದರೆ ಇರಲಿಲ್ಲ, ನಮ್ಮಂಥವರು ದೂರು ಕೊಟ್ಟು ಕೊಟ್ಟು ಸರಿಯಾಗಿತ್ತು. ಈ ಹೊಸದರಲ್ಲಂತೂ ಗಿಯರ್ ಬಾಕ್ಸೂ ಹೊಸದು, ಸಾಫ್ಟ್‌ವೇರೂ ಹೊಸದು. ಮುಂದಿನ ಗಾಜಿನ ಹಿಂದೆ ಕ್ಯಾಮೆರಾ ಬೇರೆ. ನಮಗೆ ಒಂದು ಸಲ ಕಲ್ಲು ಬಿದ್ದು ಗಾಜು ಒಡೆದಿತ್ತು, ಅರ್ಧ ದಿನದಲ್ಲಿ ಹೊಸದು ಹಾಕಿಸಿಕೊಂಡು ಬಂದೆವು. ಇದರಲ್ಲಿ ಗಾಜು ಬದಲಾಯಿಸಿದರೆ ಕ್ಯಾಮೆರಾದ ದೃಷ್ಟಿಯನ್ನೂ ಮತ್ತೆ ಸರಿಹೊಂದಿಸಬೇಕು, ಅದಕ್ಕೆ ಬೇರೆ ಉಪಕರಣ, ಬೇರೆ ಬಿಲ್ಲು.

ಹಾಗಾದರೆ ಹೆಗಲಿನ ಬೆಲ್ಟು ಈ ಹೊಸ ಮಾಡೆಲ್‌ನಲ್ಲೇ ಮೊದಲು ಬಂದಿದ್ದಾ ಅಂತ ಹುಡುಕಿದೆ. ಅಲ್ಲ. ನಮ್ಮದೇ ಮಾಡೆಲ್‌ಗೆ ಮೂರು ವರ್ಷದ ಹಿಂದೆ ಮುಖ ತಿದ್ದಿ, ದೀಪ ಬದಲಾಯಿಸಿ ಮತ್ತೆ ಬಿಟ್ಟಾಗಲೇ ಐದೂ ಸೀಟಿಗೆ ಮೂರು ಬಿಂದುವಿನ ಬೆಲ್ಟ್ ಕೊಟ್ಟಿದ್ದರು. ಕಿಟಕಿ ಪಕ್ಕ ಪರದೆ ಹಾಗೆ ಇಳಿಯೋ ಏರ್‌ಬ್ಯಾಗ್, ಜಾರುವಾಗ ಗಾಡಿಯನ್ನು ಹಿಡಿದಿಡೋ ಇಎಸ್‌ಸಿ ಎರಡೂ ಆಗಲೇ ಬಂದಿದ್ದವು. ಅದರ ಬಗ್ಗೆ ಯಾರೂ ವಿಡಿಯೊ ಮಾಡಿರಲಿಲ್ಲ ಅಷ್ಟೇ, ದೀಪದ ಬಗ್ಗೆ ಮಾಡಿದ್ದರು. ಎಸಿಗೆ ಗುಂಡಿಯೂ ಇದೆ. ಸುರಕ್ಷತೆಯ ಸ್ಟಾರ್ ನೋಡುವಾಗ ಪರೀಕ್ಷೆಯ ವರ್ಷವನ್ನೂ ನೋಡಿದೆ. ಪರೀಕ್ಷೆ ಕೆಲವು ವರ್ಷಕ್ಕೊಮ್ಮೆ ಬಿಗಿಯಾಗ್ತಾ ಹೋಗುತ್ತದೆ, ಹತ್ತು ವರ್ಷದ ಹಿಂದಿನ ಐದು ಸ್ಟಾರ್ ಇವತ್ತಿನ ಐದಕ್ಕೆ ಸಮ ಅಲ್ಲ.

ಹೀಗೆ ಆ ಮುಖ ತಿದ್ದಿದ ಮಾಡೆಲ್‌ನಲ್ಲೇ ಎರಡು ವರ್ಷ ಓಡಿದ ಗಾಡಿ ಹುಡುಕೋದು ಅಂತ ತೀರ್ಮಾನ ಆಯಿತು. ಕಾರಿನ ಬೆಲೆ ಜಾಸ್ತಿ ಬೀಳೋದು ಮೊದಲ ವರ್ಷಗಳಲ್ಲೇ, ಆ ಪೆಟ್ಟು ಬೇರೆ ಯಾರೋ ತಿಂದಿರುತ್ತಾರೆ. ಹೊಸ ಮಾಡೆಲ್ ಬಂದಿರೋದರಿಂದ ಅದಕ್ಕೆ ಹಾರೋ ಜನ ಹಳೆಯದನ್ನು ಮಾರೋ ಸಮಯವೂ ಇದೇ. ನಮ್ಮ ಮನೆಯವರು ಎರಡು ದಿನ ಮಾತು ಕಡಿಮೆ ಮಾಡಿದರು. ಮೂರನೇ ದಿನ ಅವರೇ ಒಂದು ಗಾಡಿಯ ಫೋಟೊ ತೋರಿಸಿದರು.

ಈ ಭಾನುವಾರ ನೋಡೋಕೆ ಹೋಗ್ತಾ ಇದ್ದೇವೆ. ವಾಕರ್, ಮಗನ ಸೀಟು, ಟಾರ್ಚ್ ರೆಡಿ ಇದೆ. ಮೆಕ್ಯಾನಿಕ್ ಬರ್ತಾನೆ. ಅವನು ಎಂಜಿನ್ ನೋಡಿಕೊಳ್ಳಲಿ, ನಾನು ಐದೂ ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡುವವಳು. ಒಳಗೆ ಸುತ್ತಿಕೊಂಡಿರೋ ತುದಿಯಲ್ಲಿ ಕೆಸರಿನ ಕಲೆ ಇದ್ದರೆ ಗಾಡಿ ನೀರಿನಲ್ಲಿ ಮುಳುಗಿತ್ತು ಅಂತ ಅನುಮಾನ ಪಡಬೇಕು, ಬೆಲ್ಟಿನ ಚೀಟಿಯ ಮೇಲಿನ ತಾರೀಖು ಗಾಡಿಗಿಂತ ಹೊಸದಾಗಿದ್ದರೆ ಯಾಕೆ ಬದಲಾಯಿಸಿದರು ಅಂತ ಕೇಳಬೇಕು. ನಮ್ಮ ಹಳೇದಕ್ಕೆ ಟೈಮಿಂಗ್ ಬೆಲ್ಟ್ ಮಾತ್ರ ಹಾಕಿಸಿದ್ದೇವೆ, ಮಾರೋವರೆಗೂ ಓಡಬೇಕಲ್ಲ. ಅಲ್ಲಿಯವರೆಗೆ ಐದು ಜನ ಒಟ್ಟಿಗೆ ಹೋಗೋದಿದ್ದರೆ ನಾನು ಬಸ್ಸಿನಲ್ಲಿ ಬರ್ತೀನಿ ಅಂದಿದ್ದೇನೆ.

ಬಣ್ಣ ಯಾವುದು ಅಂತ ಮಗಳು ಕೇಳಿದಳು. ಬೂದು ಅಂದೆ. "ಬೂದಾ?" ಅಂದವಳು ಇನ್ನೂ ಮುಖ ತಿರುಗಿಸಿಕೊಂಡೇ ಇದ್ದಾಳೆ.