ಹಾಡು ಮೊದಲು, ಬಾಯಿ ಆಮೇಲೆ: ಅಪ್‌ಗ್ರೇಡ್ ಆದ ಹಳೇ ಲ್ಯಾಪ್‌ಟಾಪ್‌ನಲ್ಲಿ ಬಯಲಾಟದ ವಿಡಿಯೋ ಸರಿಮಾಡಿದ್ದು

ಬಯಲಾಟದ ಹಳೇ ವಿಡಿಯೋಗಳನ್ನು ಒಂದು ಕಡೆ ಸೇರಿಸುವ ಕೆಲಸ ಮತ್ತೆ ಶುರುವಾಗಿದೆ. ಲ್ಯಾಪ್‌ಟಾಪ್‌ನ ಉಬುಂಟು (ವಿಂಡೋಸ್ ಬದಲು ಬಳಸುವ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್) ಅಪ್‌ಗ್ರೇಡ್ ಆದ ಮೇಲೆ ವಿಡಿಯೋಗಳು ಸರಿಯಾಗಿ ಓಡದೆ ಕೆಲಸ ನಿಂತುಹೋಗಿತ್ತು. ಏನೇನು ಕೆಟ್ಟಿತ್ತು, ಯಾವುದು ಹೇಗೆ ಸರಿಹೋಯಿತು ಅಂತ ಬರೆದಿಡುತ್ತಿದ್ದೇನೆ. ಹಳೇ ಲ್ಯಾಪ್‌ಟಾಪ್ ಇಟ್ಟುಕೊಂಡವರಿಗೆ ಉಪಯೋಗವಾದೀತು.

ಹೊಸದಾಗಿ ಓದುವವರಿಗೆ ಸ್ವಲ್ಪ ಹಿನ್ನೆಲೆ. ನಮ್ಮ ದೊಡ್ಡಪ್ಪ ಜಗಳೂರು ಕಡೆಯ ಬಯಲಾಟದ ಮೇಳದಲ್ಲಿ ಮದ್ದಳೆ ಬಾರಿಸುತ್ತಿದ್ದರು. ಆ ಊರುಗಳ ಆಟಗಳು ವಿಎಚ್‌ಎಸ್ ಕ್ಯಾಸೆಟ್, ವಿಸಿಡಿ, ಡಿವಿಡಿಗಳಾಗಿ ಮನೆಮನೆಯ ಅಟ್ಟದ ಮೇಲೆ ಕೂತಿದ್ದವು. ಒಂದು ಕ್ಯಾಸೆಟ್ಟಿನ ಚೀಟಿಯಲ್ಲಿ ‘ಜಗಳೂರು ತಾ., ಚಿತ್ರದುರ್ಗ ಜಿಲ್ಲೆ’ ಅಂತಿದೆ. ಜಗಳೂರು ದಾವಣಗೆರೆ ಜಿಲ್ಲೆಗೆ ಸೇರಿದ್ದು 1997ರಲ್ಲಿ. ಕ್ಯಾಸೆಟ್ಟಿಗೆ ಎಷ್ಟು ವಯಸ್ಸಾಗಿರಬಹುದು ಅಂತ ಲೆಕ್ಕ ಹಾಕಿ. ಇವನ್ನೆಲ್ಲ ಹಾರ್ಡ್ ಡಿಸ್ಕಿಗೆ ಇಳಿಸಿ, ದಾವಣಗೆರೆಯ ನಮ್ಮ ಮನೆಯ ಟಿವಿಯಲ್ಲಿ ಹಾಕಿ, ಹಿರಿಯರನ್ನು ಕೂರಿಸಿಕೊಂಡು ‘ಈ ಅರ್ಜುನ ಯಾರು, ಭಾಗವತರು ಯಾರು, ಇದು ಯಾವ ಪದ್ಯ’ ಅಂತ ಕೇಳಿ ಬರೆದುಕೊಳ್ಳುತ್ತೇನೆ. ಪದ್ಯಗಳಿಗೆ ಸಬ್‌ಟೈಟಲ್ ಕೂಡ ಹಾಕುತ್ತಿದ್ದೇನೆ. ಆಡಿದವರು, ನೋಡಿದವರು ಇರುವಾಗಲೇ ಇದು ಆಗಬೇಕು. ಅವರು ಹೋದ ಮೇಲೆ ವಿಡಿಯೋ ಉಳಿದರೂ ಅದರೊಳಗಿನ ಹೆಸರುಗಳು ಸಿಗುವುದಿಲ್ಲ.

ಶನಿವಾರ, ಅಪ್‌ಗ್ರೇಡ್ ಮುಗಿದ ಸಂಜೆ

ಲ್ಯಾಪ್‌ಟಾಪ್‌ನಲ್ಲಿರುವುದು ಐ3-4005ಯು. 2013ರ ಪ್ರೊಸೆಸರ್, 2 ಕೋರ್, 1.7 ಗಿಗಾಹರ್ಟ್ಸ್. ಅದರಲ್ಲಿ ಉಬುಂಟು 20.04 ಆರಾಮಾಗಿ ಓಡುತ್ತಿತ್ತು. ಆದರೆ 2025ರ ಮೇ ತಿಂಗಳಿಗೆ ಆ ಆವೃತ್ತಿಯ ಮಾಮೂಲಿ ಸಪೋರ್ಟ್ ಮುಗಿಯಿತು. ಒಂದು ಎಲ್‌ಟಿಎಸ್ (ದೀರ್ಘಕಾಲ ಸಪೋರ್ಟ್ ಸಿಗುವ ಆವೃತ್ತಿ) ಬಿಟ್ಟು ಮುಂದಿನದಕ್ಕೆ ಹಾರಲು ಬರುವುದಿಲ್ಲ. ಹಾಗಾಗಿ ಮೊದಲು 22.04, ಅದರ ಮೇಲೆ 24.04. ಅಪ್‌ಗ್ರೇಡ್ ಏನೂ ತಕರಾರಿಲ್ಲದೆ ಮುಗಿಯಿತು.

ಟಿವಿಗೆ ಎಚ್‌ಡಿಎಂಐ ಕೇಬಲ್ ಚುಚ್ಚಿ ಒಂದು ಆಟ ಹಾಕಿದೆ. ದೊಡ್ಡಪ್ಪ ಸ್ವಲ್ಪ ಹೊತ್ತು ನೋಡಿದರು. ಆಮೇಲೆ, ‘ಏನೋ ತಮ್ಮಾ, ಹಾಡು ಮೊದ್ಲು ಬರ್ತೈತಿ, ಬಾಯಿ ಆಮೇಲೆ ಅಲ್ಲಾಡ್ತೈತಿ’ ಅಂದರು. ಇದಕ್ಕಿಂತ ಚೆನ್ನಾಗಿ ಸಮಸ್ಯೆಯನ್ನು ಯಾರೂ ಹೇಳಲಾರರು. ಮದ್ದಳೆಯ ಪೆಟ್ಟು ಕೇಳಿದ ಮೇಲೆ ಕೈ ಕೆಳಗೆ ಬರುತ್ತಿತ್ತು. ಫ್ಯಾನ್ ಜೋರಾಗಿ ತಿರುಗುತ್ತಿತ್ತು.

ಬೇರೆ ಫೈಲ್ ಹಾಕಿದರೆ ಬೇರೆಯೇ ತೊಂದರೆ. ಡಿವಿಡಿಯಿಂದ ಇಳಿಸಿದ್ದರಲ್ಲಿ ಧ್ವನಿ ಸರಿ ಇತ್ತು, ಆದರೆ ಪಾತ್ರಧಾರಿ ಕುಣಿದಾಗಲೆಲ್ಲ ಅಂಚು ಬಾಚಣಿಗೆ ಹಲ್ಲಿನ ಹಾಗೆ ಸೀಳುತ್ತಿತ್ತು. ಸಬ್‌ಟೈಟಲ್ ಇದ್ದ ಕಡೆ ಕನ್ನಡದ ಬದಲು ಕೊಂಬು, ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳ ಸಾಲು. ಅಕ್ಕನ ಮಗ ಫೋನಿನಲ್ಲಿ ತೆಗೆದು ಕಳಿಸಿದ ವಿಡಿಯೋ ಅಂತೂ ಅಲ್ಲಾಡಲೇ ಇಲ್ಲ.

ಭಾನುವಾರ

ಇಂಥ ಸಮಯದಲ್ಲಿ ಎಲ್ಲರೂ ಕೊಡುವ ಸಲಹೆ ಒಂದೇ: ‘ಕೋಡೆಕ್ ಪ್ಯಾಕ್ ಹಾಕು, ಇಲ್ಲಾಂದ್ರೆ ಫಾರ್ಮ್ಯಾಟ್ ಮಾಡು.’ ಕೋಡೆಕ್ ಅಂದರೆ ವಿಡಿಯೋವನ್ನು ಒತ್ತಿ ಚಿಕ್ಕದಾಗಿ ಕಟ್ಟುವ, ನೋಡುವಾಗ ಮತ್ತೆ ಬಿಚ್ಚುವ ವಿಧಾನ. ಈ ಸಲಹೆಯನ್ನು ನಾನು ಒಪ್ಪುವುದಿಲ್ಲ. ‘ವಿಡಿಯೋ ಓಡ್ತಿಲ್ಲ’ ಅನ್ನುವುದು ಒಂದು ದೂರಲ್ಲ. ಫೈಲಿಗೊಂದು ದೂರು ಇರುತ್ತದೆ. ಅಪ್‌ಗ್ರೇಡ್ ಒಂದೇ ದಿನ ಆಗಿದ್ದರಿಂದ ಎಲ್ಲಕ್ಕೂ ಒಂದೇ ಕಾರಣ ಇರಬೇಕು ಅಂತ ಅನಿಸುತ್ತದೆ, ಅಷ್ಟೆ. ಹಾಗಾಗಿ ಮೆಷಿನ್ ಮುಟ್ಟುವ ಮೊದಲು ಫೈಲುಗಳನ್ನು ಬೇರೆ ಮಾಡಿದೆ. ಎಫ್‌ಎಫ್‌ಪ್ರೋಬ್ ಅಂತ ಒಂದು ಪ್ರೋಗ್ರಾಂ ಇದೆ. ವಿಡಿಯೋ ಪರಿವರ್ತಿಸುವ ಎಫ್‌ಎಫ್‌ಎಂಪೆಗ್ ಜೊತೆಗೇ ಬರುತ್ತದೆ. ಯಾವ ಫೈಲನ್ನು ಯಾವ ಕೋಡೆಕ್‌ನಲ್ಲಿ ಕಟ್ಟಿದ್ದಾರೆ, ಎಷ್ಟು ಅಗಲ ಎತ್ತರ, ಸೆಕೆಂಡಿಗೆ ಎಷ್ಟು ಫ್ರೇಮ್ ಅಂತ ಹೇಳಿಬಿಡುತ್ತದೆ. ನಮ್ಮ ಸಂಗ್ರಹದಲ್ಲಿ ಸಿಕ್ಕಿದ್ದು ನಾಲ್ಕು ಜಾತಿ: ವಿಸಿಡಿಯ ಎಂಪೆಗ್-1, ಡಿವಿಡಿಯ ಎಂಪೆಗ್-2, ಕ್ಯಾಮ್‌ಕಾರ್ಡರ್‌ನ ಎಚ್.264, ಫೋನಿನ ಎಚ್‌ಇವಿಸಿ.

ವಿಸಿಡಿ ಬರೀ 352 ಗುಣಿಸು 288. ಅದಕ್ಕೆ ಏನೂ ಆಗಿರಲಿಲ್ಲ. ಅದನ್ನು ಅಲ್ಲಿಗೇ ಬಿಟ್ಟೆ.

ದೊಡ್ಡಪ್ಪ ದೂರಿದ್ದು ಎಚ್.264 ಫೈಲು. 1080ಪಿ, ಸೆಕೆಂಡಿಗೆ 50 ಫ್ರೇಮ್. ಎಂಪಿವಿ ಪ್ಲೇಯರ್‌ನಲ್ಲಿ ಹಾಕಿ ‘ಐ’ ಕೀ ಒತ್ತಿದರೆ ಒಳಗೆ ನಡೆಯುವುದೆಲ್ಲ ಪರದೆಯ ಮೇಲೆ ಬರುತ್ತದೆ. ಬಿಟ್ಟುಹೋದ ಫ್ರೇಮ್‌ಗಳ ಸಂಖ್ಯೆ ಏರುತ್ತಲೇ ಇತ್ತು. ಧ್ವನಿ ಮತ್ತು ಚಿತ್ರದ ಅಂತರವೂ ಬೆಳೆಯುತ್ತಿತ್ತು. ಇಲ್ಲಿ ಒಂದು ವಿಷಯ ತಿಳಿದಿರಬೇಕು. ಧ್ವನಿ ಕಡಿದರೆ ನಮಗೆ ತಕ್ಷಣ ಗೊತ್ತಾಗುತ್ತದೆ, ಒಂದೆರಡು ಫ್ರೇಮ್ ಹೋದರೆ ಗೊತ್ತಾಗುವುದಿಲ್ಲ. ಅದಕ್ಕೇ ಪ್ಲೇಯರ್ ಧ್ವನಿಯ ವೇಗವನ್ನೇ ಹಿಡಿದುಕೊಂಡು ಚಿತ್ರವನ್ನು ಅದರ ಜೊತೆ ಓಡಿಸುತ್ತದೆ. ಚಿತ್ರ ಬಿಚ್ಚುವುದು ತಡವಾದರೆ ಫ್ರೇಮ್ ಬಿಡುತ್ತಾ ಹೋಗುತ್ತದೆ. ಅದಕ್ಕೂ ಮೀರಿದರೆ ಹಾಡು ಮುಂದೆ, ಬಾಯಿ ಹಿಂದೆ. ಅಂದರೆ ಕೆಟ್ಟಿರುವುದು ಸೌಂಡ್ ಅಲ್ಲ. ಸೌಂಡ್ ಸೆಟ್ಟಿಂಗಿನಲ್ಲಿ ಮಿಲಿಸೆಕೆಂಡ್ ಹಿಂದೆ ಮುಂದೆ ಮಾಡಿ ಪ್ರಯೋಜನ ಇಲ್ಲ.

ಚಿತ್ರ ಯಾಕೆ ತಡ? ಇಷ್ಟು ದಿನ ಅದನ್ನು ಬಿಚ್ಚುತ್ತಿದ್ದದ್ದು ಇಂಟೆಲ್ ಗ್ರಾಫಿಕ್ಸ್ ಚಿಪ್. ಈಗ ಅಷ್ಟೂ ಹೊರೆ ಪ್ರೊಸೆಸರ್ ತಲೆ ಮೇಲೆ ಬಿದ್ದಿತ್ತು. ಗ್ರಾಫಿಕ್ಸ್ ಚಿಪ್ ಯಾವ ಕೋಡೆಕ್ ಬಿಚ್ಚಬಲ್ಲದು ಅಂತ ತೋರಿಸುವ ವಿಎಇನ್ಫೋ ಅನ್ನುವ ಪುಟ್ಟ ಪ್ರೋಗ್ರಾಂ ಓಡಿಸಿದಾಗ ಕಾರಣ ಕಣ್ಣಿಗೇ ಬಿತ್ತು. ಅದು ಐಎಚ್‌ಡಿ ಅನ್ನುವ ಡ್ರೈವರ್ ತೆರೆಯಲು ನೋಡುತ್ತದೆ, ಆಗುವುದಿಲ್ಲ, ಕೈಚೆಲ್ಲುತ್ತದೆ. ಇಂಟೆಲ್ ಗ್ರಾಫಿಕ್ಸ್‌ಗೆ ಎರಡು ಡ್ರೈವರ್ ಇವೆ. ಐಎಚ್‌ಡಿ ಹೊಸದು, ಬ್ರಾಡ್‌ವೆಲ್ ಪೀಳಿಗೆಯಿಂದ ಈಚಿನ ಚಿಪ್‌ಗಳಿಗೆ. ನಮ್ಮದು ಅದಕ್ಕಿಂತ ಒಂದು ಪೀಳಿಗೆ ಹಿಂದಿನ ಹ್ಯಾಸ್‌ವೆಲ್. ಇದಕ್ಕೆ ಐ965 ಅನ್ನುವ ಹಳೇ ಡ್ರೈವರೇ ಬೇಕು. ಅಪ್‌ಗ್ರೇಡ್ ಆದ ಮೇಲೆ ಈ ಮೆಷಿನ್‌ನಲ್ಲಿ ಆ ಪ್ಯಾಕೇಜ್ ಉಳಿದಿರಲಿಲ್ಲ. 24.04ರ ಸಂಗ್ರಹದಲ್ಲಿ ಅದು ಈಗಲೂ ಇದೆ. ಹಾಕಿಕೊಂಡರೆ ಆಯಿತು.

ಹಾಕಿದ ಮೇಲೆ ವಿಎಇನ್ಫೋ ಎಂಪೆಗ್-2, ಎಚ್.264, ವಿಸಿ-1 ಹೆಸರುಗಳನ್ನು ಸಾಲಾಗಿ ತೋರಿಸಿತು. ಎಂಪಿವಿ ಮಾತ್ರ ತಾನಾಗಿ ಗ್ರಾಫಿಕ್ಸ್ ಚಿಪ್ ಬಳಸುವುದಿಲ್ಲ, ನಾವು ಹೇಳಬೇಕು. ಅದರ ಕಾನ್ಫಿಗ್ ಫೈಲಿನಲ್ಲಿ ಎಚ್‌ಡಬ್ಲ್ಯುಡೆಕ್ ಅನ್ನುವುದಕ್ಕೆ ಆಟೋ-ಸೇಫ್ ಅಂತ ಕೊಟ್ಟೆ. ವಿಎಲ್‌ಸಿ ಬಳಸುವವರಿಗೆ ಇದೇ ಆಯ್ಕೆ ಇನ್‌ಪುಟ್ ಮತ್ತು ಕೋಡೆಕ್ ಪುಟದಲ್ಲಿ ಸಿಗುತ್ತದೆ. ಖಾತ್ರಿ ಮಾಡಿಕೊಳ್ಳಲು ಪಕ್ಕದಲ್ಲಿ ಗ್ರಾಫಿಕ್ಸ್ ಚಿಪ್ ಎಷ್ಟು ಕೆಲಸ ಮಾಡುತ್ತಿದೆ ಅಂತ ತೋರಿಸುವ ಇಂಟೆಲ್ ಜಿಪಿಯು ಟಾಪ್ ತೆರೆದಿಟ್ಟೆ. ಆಟ ಶುರುವಾದ ಕೂಡಲೇ ಅದರ ‘ವಿಡಿಯೋ’ ಸಾಲು ಏರಿತು, ಪ್ರೊಸೆಸರ್ ಇಳಿಯಿತು, ಫ್ಯಾನ್ ತಣ್ಣಗಾಯಿತು. ದೊಡ್ಡಪ್ಪನನ್ನು ಕರೆದೆ. ‘ಈಗ ಕೈ ಸರಿ ಬಿತ್ತು ನೋಡು’ ಅಂದರು. ನನಗೆ ಅಷ್ಟೇ ಸಾಕಿತ್ತು. ಫ್ರೇಮ್ ಸರಿ ಓಡುತ್ತಿದೆಯೋ ಇಲ್ಲವೋ ಅಂತ ಹೇಳಲು ಮದ್ದಳೆ ಬಾರಿಸಿದವರ ಕಣ್ಣಿಗಿಂತ ಒಳ್ಳೆ ಅಳತೆ ಇಲ್ಲ.

ವಾರದ ಮಧ್ಯೆ, ರಾತ್ರಿ ಊಟ ಆದ ಮೇಲೆ

ಡಿವಿಡಿಯ ಬಾಚಣಿಗೆ ಗೆರೆ. ಡ್ರೈವರ್ ಬಂದ ಮೇಲೂ ಅದು ಹೋಗಲಿಲ್ಲ, ಹೋಗುವುದೂ ಇಲ್ಲ. ಯಾಕೆಂದರೆ ಆ ಚಿತ್ರ ತೆಗೆದದ್ದೇ ಹಾಗೆ. ನಮ್ಮಲ್ಲಿ ನಡೆಯುತ್ತಿದ್ದದ್ದು ಪಾಲ್ ಅನ್ನುವ ಟಿವಿ ಪದ್ಧತಿ. ಸೆಕೆಂಡಿಗೆ 25 ಫ್ರೇಮ್, ಪ್ರತಿ ಫ್ರೇಮ್ ಎರಡು ಅರ್ಧ. ಒಂದರಲ್ಲಿ ಸಮ ಸಾಲು, ಇನ್ನೊಂದರಲ್ಲಿ ಬೆಸ ಸಾಲು. ಎರಡು ಅರ್ಧಗಳ ಮಧ್ಯೆ ಸೆಕೆಂಡಿನ 50ನೇ ಒಂದು ಭಾಗ ಕಳೆದಿರುತ್ತದೆ. ಅಷ್ಟರಲ್ಲಿ ಕುಣಿಯುವ ಕಾಲು ಸರಿದಿರುತ್ತದೆ. ಹಳೇ ಡಬ್ಬಾ ಟಿವಿ ಅರ್ಧರ್ಧವಾಗಿಯೇ ತೋರಿಸುತ್ತಿತ್ತು, ಹಾಗಾಗಿ ಕಾಣುತ್ತಿರಲಿಲ್ಲ. ಈಗಿನ ಪರದೆಯಲ್ಲಿ ಎರಡೂ ಒಟ್ಟಿಗೆ ಬಂದು ಅಂಚು ಸೀಳುತ್ತದೆ.

ಮೊದಲು ಯಾಕೆ ಕಾಣುತ್ತಿರಲಿಲ್ಲ ಅಂದರೆ, ಆಗಿನ ಪ್ಲೇಯರ್‌ನಲ್ಲಿ ಡಿಇಂಟರ್‌ಲೇಸ್ (ಎರಡು ಅರ್ಧಗಳನ್ನು ಗೆರೆ ಕಾಣದ ಹಾಗೆ ಹೊಂದಿಸುವುದು) ಆನ್ ಆಗಿತ್ತು. ಆ ಪ್ಲೇಯರ್ ಪಿಪಿಎ ಅನ್ನುವ, ಉಬುಂಟುವಿನ ಅಧಿಕೃತ ಸಂಗ್ರಹದ ಹೊರಗಿನ ಮೂಲದಿಂದ ಬಂದದ್ದು. ಅಪ್‌ಗ್ರೇಡ್ ಆಗುವಾಗ ಇಂಥ ಹೊರಗಿನ ಮೂಲಗಳೆಲ್ಲ ಬಂದ್ ಆಗುತ್ತವೆ. ಹೊಸ ಪ್ಲೇಯರ್‌ಗೆ ಹಳೇ ಸೆಟ್ಟಿಂಗ್ ಗೊತ್ತಿಲ್ಲ. ಎಂಪಿವಿಯಲ್ಲಿ ‘ಡಿ’ ಕೀ ಒತ್ತಿದರೆ ಸಾಕು, ಗೆರೆ ಮಾಯ.

ಗೆರೆ ಹೋದರೂ ಒಂದು ಸಣ್ಣ ಕುಲುಕು ಉಳಿದಿತ್ತು. ಕ್ಯಾಮೆರಾ ನಿಧಾನವಾಗಿ ರಂಗದ ಆ ಕಡೆಯಿಂದ ಈ ಕಡೆ ತಿರುಗುವಾಗ ಎದ್ದು ಕಾಣುತ್ತಿತ್ತು. ಇದನ್ನು ಹಿಡಿದದ್ದು ನನಗೆ ಬಹಳ ಖುಷಿ ಕೊಟ್ಟ ವಿಷಯ. ಅಪ್‌ಗ್ರೇಡ್ ಆದ ಮೇಲೆ ಟಿವಿ 60 ಹರ್ಟ್ಸ್‌ಗೆ, ಅಂದರೆ ಸೆಕೆಂಡಿಗೆ 60 ಸಲ ಚಿತ್ರ ಬದಲಿಸುವುದಕ್ಕೆ, ಹೋಗಿ ಕೂತಿತ್ತು. 60ರಲ್ಲಿ 25 ಸರಿಯಾಗಿ ಹೋಗುವುದಿಲ್ಲ. ಒಂದು ಫ್ರೇಮ್ ಎರಡು ಸಲ, ಇನ್ನೊಂದು ಮೂರು ಸಲ ಬರುತ್ತದೆ. ಡಿಇಂಟರ್‌ಲೇಸ್ ಮಾಡಿ 50 ಆದರೂ ಅದೇ ಕಥೆ. ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ರಿಫ್ರೆಶ್ ರೇಟ್ 50 ಮಾಡಿದೆ. ಕುಲುಕು ನಿಂತಿತು. ನಮ್ಮ ಕಡೆಯ ಹಳೇ ಮದುವೆ ಡಿವಿಡಿ, ಜಾತ್ರೆ ಡಿವಿಡಿಗಳೂ ಸಾಮಾನ್ಯವಾಗಿ ಪಾಲ್‌ನವೇ. ಟಿವಿಗೆ ಲ್ಯಾಪ್‌ಟಾಪ್ ಜೋಡಿಸಿ ನೋಡುವವರು ಇದೊಂದನ್ನು ಮಾಡಿ ನೋಡಿ.

ಫೋನಿನ ವಿಡಿಯೋ ವಿಷಯ ಬೇಗ ಮುಗಿಸುತ್ತೇನೆ. ಅದು 4ಕೆ ಎಚ್‌ಇವಿಸಿ. ಹ್ಯಾಸ್‌ವೆಲ್ ಚಿಪ್‌ಗೆ ಎಚ್‌ಇವಿಸಿ ಬಿಚ್ಚಲು ಬರುವುದಿಲ್ಲ. ಇಂಟೆಲ್‌ನಲ್ಲಿ ಅದು ಬಂದದ್ದು 2015ರ ಸ್ಕೈಲೇಕ್ ಹೊತ್ತಿಗೆ. ಯಾವ ಡ್ರೈವರ್ ಹಾಕಿದರೂ ಇಲ್ಲದ್ದು ಬರುವುದಿಲ್ಲ. ಅಪ್‌ಗ್ರೇಡಿಗೂ ಇದಕ್ಕೂ ಸಂಬಂಧವೇ ಇಲ್ಲ, ಅದೇ ವಾರ ಬಂತು ಅಷ್ಟೆ. ಮೂಲ ಫೈಲ್ ಹಾಗೇ ಇಟ್ಟು, ಎಫ್‌ಎಫ್‌ಎಂಪೆಗ್‌ನಲ್ಲಿ 1080ಪಿ ಎಚ್.264 ಪ್ರತಿ ಮಾಡಲು ರಾತ್ರಿ ಹಚ್ಚಿ ಮಲಗಿದೆ. ಗುಣಮಟ್ಟ ಹೇಳುವ ಸಿಆರ್‌ಎಫ್ ಅನ್ನುವ ಸಂಖ್ಯೆ 20 ಕೊಟ್ಟಿದ್ದೆ. ಬೆಳಿಗ್ಗೆ ಪ್ರತಿ ತಯಾರಿತ್ತು.

ಬ್ರೌಸರ್‌ನಲ್ಲೂ ಇದೇ ತರ್ಕ. ಯೂಟ್ಯೂಬ್ ಕೊಡುವುದು ಹೆಚ್ಚಾಗಿ ವಿಪಿ9 ಅಥವಾ ಎವಿ1 ಕೋಡೆಕ್‌ನಲ್ಲಿ. ಈ ಚಿಪ್‌ಗೆ ಅವೆರಡೂ ಹೊರೆ. ಎಚ್264ಐಫೈ ಅನ್ನುವ ಎಕ್ಸ್‌ಟೆನ್ಶನ್ ಹಾಕಿದರೆ ಎಚ್.264ನಲ್ಲೇ ಕೊಡುತ್ತದೆ, 1080ಪಿ ತನಕ. ನಮ್ಮ ಟಿವಿಗೆ ಅಷ್ಟು ಧಾರಾಳ. ಇನ್ನೊಂದು ಮಾತು: 22.04ರಿಂದ ಫೈರ್‌ಫಾಕ್ಸ್ ಸ್ನ್ಯಾಪ್ ಅನ್ನುವ ಪ್ರತ್ಯೇಕ ಪ್ಯಾಕೇಜ್ ರೂಪದಲ್ಲಿ ಬರುತ್ತದೆ, ಬೇಕಾದ ಲೈಬ್ರರಿಗಳನ್ನು ತಾನೇ ತರುತ್ತದೆ. ಸಿಸ್ಟಮ್‌ಗೆ ಕೋಡೆಕ್ ಹಾಕಿ ಬ್ರೌಸರ್ ಸರಿಹೋಗಲಿಲ್ಲ ಅಂತ ತಲೆ ಕೆಡಿಸಿಕೊಳ್ಳಬೇಡಿ.

ಮುಂದಿನ ಶನಿವಾರ, ಭಾನುವಾರ: ಸಬ್‌ಟೈಟಲ್

ಜಾಸ್ತಿ ಹೊತ್ತು ಹಿಡಿದದ್ದು ಇದು. ಹಿಡಿಯಬೇಕಾದದ್ದೂ ಇದೇ. ಚಿತ್ರ ಚೂರು ಕುಲುಕಿದರೂ ಆಟ ಅರ್ಥವಾಗುತ್ತದೆ. ಪದ್ಯವೇ ಓದಲು ಬಾರದಿದ್ದರೆ ಮಕ್ಕಳು ಎದ್ದು ಹೋಗುತ್ತಾರೆ.

ಕೆಲವು ಆಟಗಳ ಪದ್ಯಗಳನ್ನು ಊರಿನವರು ಮೊದಲೇ ನುಡಿ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿಟ್ಟಿದ್ದರು. ಅದರಿಂದಲೇ ಸಬ್‌ಟೈಟಲ್ ಫೈಲ್ ಆಗಿತ್ತು. ಆಸ್ಕಿಯಲ್ಲಿ ಕನ್ನಡ ಅಕ್ಷರಕ್ಕೆ ತನ್ನದೇ ಸಂಕೇತ ಇರುವುದಿಲ್ಲ. ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿರುತ್ತಾರೆ. ಆ ಫಾಂಟ್ ಹಚ್ಚಿದರೆ ಕನ್ನಡ, ಇಲ್ಲದಿದ್ದರೆ ಕೊಂಬು ಚುಕ್ಕಿಗಳ ಸಾಲು. ಹಳೇ ಪ್ಲೇಯರ್‌ನಲ್ಲಿ ಸಬ್‌ಟೈಟಲ್‌ಗೆ ನುಡಿ ಫಾಂಟ್ ಹೇಳಿಟ್ಟಿದ್ದೆ. ಅದು ಹೋದ ಮೇಲೆ ಕನ್ನಡವೂ ಹೋಯಿತು.

ಫಾಂಟ್ ಮತ್ತೆ ಹಚ್ಚಿದ್ದರೆ ಐದು ನಿಮಿಷದ ಕೆಲಸ. ಆದರೆ ಈ ಫೈಲುಗಳು ನನ್ನ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಇರುವುದಿಲ್ಲ ಅಲ್ವಾ. ಊರಿನ ಹುಡುಗರು ಫೋನಿನಲ್ಲಿ ನೋಡುತ್ತಾರೆ. ನಾಳೆ ಯಾರೋ ಪೆನ್‌ಡ್ರೈವ್ ಟಿವಿಗೇ ಚುಚ್ಚುತ್ತಾರೆ. ಅಲ್ಲೆಲ್ಲ ಆ ಫಾಂಟ್ ಎಲ್ಲಿಂದ ತರುವುದು? ಎಲ್ಲವನ್ನೂ ಯೂನಿಕೋಡ್‌ಗೆ, ಅಂದರೆ ಕನ್ನಡ ಅಕ್ಷರಕ್ಕೆ ತನ್ನದೇ ಸಂಕೇತ ಇರುವ ಪದ್ಧತಿಗೆ, ತಿರುಗಿಸಿದೆ.

ಪರಿವರ್ತಕಕ್ಕೆ ಹಾಕಿದರೆ ಮುಕ್ಕಾಲು ಪಾಲು ಸರಿಯಾಗಿ ಬರುತ್ತದೆ. ಉಳಿದದ್ದು ಅರ್ಕಾವೊತ್ತು. ಆಸ್ಕಿಯಲ್ಲಿ ಅದನ್ನು ಕಣ್ಣಿಗೆ ಕಾಣುವ ಹಾಗೆ ಅಕ್ಷರದ ನಂತರ ಒತ್ತುತ್ತಾರೆ. ಯೂನಿಕೋಡ್‌ನಲ್ಲಿ ಉಚ್ಚಾರದ ಕ್ರಮ: ಮೊದಲು ರ, ಅದಕ್ಕೆ ಹಲಂತ, ಆಮೇಲೆ ಮುಂದಿನ ಅಕ್ಷರ. ಕೆಲವು ಪುಟಗಳಲ್ಲಂತೂ ಅರ್ಕಾವೊತ್ತಿನ ಬದಲು ಕನ್ನಡದ ಒಂಬತ್ತನ್ನೇ ಒತ್ತಿದ್ದರು. ನೋಡಲು ಎರಡೂ ಒಂದೇ ಥರ. ಹಾಗಾಗಿ ಕರ್ಣ ‘ಕಣ೯’ ಆಗಿದ್ದ, ಧರ್ಮರಾಯ ‘ಧಮ೯ರಾಯ’ ಆಗಿದ್ದ, ದುರ್ಯೋಧನ ‘ದುಯೋ೯ಧನ’. ಮಹಾಭಾರತದ ಆಟ ತೆಗೆದುಕೊಂಡರೆ ಅರ್ಕಾವೊತ್ತು ಇಲ್ಲದ ಪುಟವೇ ಇಲ್ಲ. ಕಣ್ಣಿಗೆ ಸರಿ ಕಂಡರೂ ‘ಕರ್ಣ’ ಅಂತ ಹುಡುಕಿದರೆ ಒಂದೂ ಸಿಗುವುದಿಲ್ಲ. ಮುಂದೆ ಯಾರಾದರೂ ಪದ್ಯ ಹುಡುಕುವಾಗ ಸಿಗಬೇಕು ಅನ್ನುವುದಕ್ಕೇ ಇಷ್ಟು ಪಾಡು.

ಪೂರ್ತಿ ಫೈಲಿನಲ್ಲಿ ಒಂಬತ್ತನ್ನು ಒಂದೇ ಏಟಿಗೆ ಬದಲಿಸಲು ಬರುವುದಿಲ್ಲ, ಇಸವಿಗಳೂ ಪದ್ಯದ ನಂಬರುಗಳೂ ಇವೆ. ಅಕ್ಷರ ಅಥವಾ ಕಾಗುಣಿತದ ಚಿಹ್ನೆಗೆ ಅಂಟಿಕೊಂಡ ಒಂಬತ್ತನ್ನು ಮಾತ್ರ ಹಿಡಿದು, ‘ರ್’ ಮಾಡಿ, ಅದರ ಹಿಂದಿನ ವ್ಯಂಜನಕ್ಕಿಂತ ಮೊದಲು ಕೂರಿಸುವ ಹಾಗೆ ಪೈಥಾನ್‌ನಲ್ಲಿ ಸಣ್ಣ ಸ್ಕ್ರಿಪ್ಟ್ ಬರೆದೆ. ಆಮೇಲೆ ದೊಡ್ಡಪ್ಪನ ಎದುರು ಸಾಲು ಸಾಲಾಗಿ ಓದಿದೆ. ಅವರು ಎರಡು ಕಡೆ ನಿಲ್ಲಿಸಿದರು, ‘ಅಲ್ಲಲ್ಲ, ಅದು ಹಂಗಲ್ಲ’ ಅಂತ ಪದ್ಯವನ್ನೇ ಹಾಡಿ ತೋರಿಸಿದರು. ಅದು ಪರಿವರ್ತಕದ ತೊಂದರೆ ಅಲ್ಲ, ಟೈಪ್ ಮಾಡುವಾಗಲೇ ಬಿಟ್ಟುಹೋದ ಪದಗಳು. ಅವೂ ಈಗ ಸೇರಿವೆ.

ತೋರಿಸಲು ಫಾಂಟ್ ಬೇಕಲ್ಲ, ಉಬುಂಟುವಿನಲ್ಲಿ ಲೋಹಿತ್, ನವಿಲು, ಗುಬ್ಬಿ ಸಿಗುತ್ತವೆ. ಟಿವಿಯಲ್ಲಿ ದೂರದಿಂದ ಓದಲು ನೋಟೋ ಸಾನ್ಸ್ ಕನ್ನಡದ ದಪ್ಪ ಅಕ್ಷರ ನನಗೆ ಹಿಡಿಸಿತು. ಒತ್ತಕ್ಷರ ಎಲ್ಲೂ ಒಡೆಯಲಿಲ್ಲ.

ಬಾಕಿ ಇರುವುದು

ಜಗಳೂರಿನಿಂದ ಇನ್ನೊಂದು ಕಟ್ಟು ವಿಸಿಡಿ ಬಂದಿದೆ. ಅದರಲ್ಲಿನ ಡ್ಯಾಟ್ ಅನ್ನುವ ವಿಡಿಯೋ ಫೈಲುಗಳನ್ನು ಲಿನಕ್ಸ್‌ನಲ್ಲಿ ಸುಮ್ನೆ ಕಾಪಿ ಮಾಡಲು ಹೋದರೆ ಎರರ್ ಬರುತ್ತದೆ. ಡಿಸ್ಕ್ ಹಾಳಾಗಿದೆ ಅಂತ ಎಸೆಯಬೇಡಿ. ವಿಸಿಡಿಯ ವಿಡಿಯೋ ಭಾಗವನ್ನು ಮಾಮೂಲಿ ಡೇಟಾ ಸಿಡಿಯ ಹಾಗೆ ಬರೆದಿರುವುದಿಲ್ಲ, ಅದಕ್ಕೆ ಹಾಗಾಗುತ್ತದೆ. ವಿಸಿಡಿಇಮೇಜರ್ ಪ್ಯಾಕೇಜಿನಲ್ಲಿ ವಿಸಿಡಿಎಕ್ಸ್‌ರಿಪ್ ಅಂತ ಒಂದಿದೆ, ಅದರಿಂದ ಎಳೆದರೆ ಶುದ್ಧ ಎಂಪೆಗ್ ಫೈಲ್ ಸಿಗುತ್ತದೆ. ಮೊದಲ ಡಿಸ್ಕ್ ಹಾಗೆ ಇಳಿದಿದೆ. ಕರ್ಣನ ಆಟದ ಎರಡನೇ ಡಿಸ್ಕ್ ಮೊದಲು ಇಳಿಸು ಅಂತ ದೊಡ್ಡಪ್ಪ ಹೇಳಿದ್ದಾರೆ. ಅದರಲ್ಲಿ ಮುಖವೀಣೆ ನುಡಿಸಿದವರ ಹೆಸರು ಅವರಿಗೆ ನೆನಪಿದೆ, ಅದನ್ನು ಅವತ್ತೇ ಬರೆದುಕೊಳ್ಳಬೇಕು.