ಲ್ಯಾಪ್‌ಟಾಪ್‌ನ 0.9 ವೋಲ್ಟ್ ಮತ್ತು ಒಂದು ಆರ್‌ಪಿಎಂ ಮೀಟರ್

ಬಾಗಲಕೋಟೆಯ ನವನಗರದಲ್ಲಿ ನಾನು ಮೀಟರ್, ಕಂಟ್ರೋಲರ್ ರಿಪೇರಿ ಮಾಡುತ್ತೇನೆ. ಕಬ್ಬಿನ ಹಂಗಾಮು ಶುರುವಾಗುವ ಮುಂಚೆ ಮುಧೋಳ, ಜಮಖಂಡಿ ಕಡೆಯ ಸಕ್ಕರೆ ಕಾರ್ಖಾನೆಗಳಿಂದ ರಾಶಿ ಕೆಲಸ ಬರುತ್ತದೆ. ಹೋದ ವರ್ಷ ಹಾಗೆ ಬಂದ ಒಂದು ಟರ್ಬೈನ್ ಆರ್‌ಪಿಎಂ ಮೀಟರ್ (ನಿಮಿಷಕ್ಕೆ ಎಷ್ಟು ಸುತ್ತು ಅಂತ ತೋರಿಸುವುದು) ವಿಷಯದಲ್ಲಿ ನಾನು ತಪ್ಪು ಮಾಡಿದೆ. ಇದೇ ಕೆಲಸದಲ್ಲಿ ಇರುವವರಿಗೆ ಎರಡು ದಿನ ಉಳಿಯಲಿ ಅಂತ ಬರೆಯುತ್ತಿದ್ದೇನೆ.

ಟರ್ಬೈನ್ ಶಾಫ್ಟ್ ಮೇಲೆ ಹಲ್ಲಿನ ಚಕ್ರ ಇರುತ್ತದೆ, ಅದರ ಪಕ್ಕದಲ್ಲಿ ಮ್ಯಾಗ್ನೆಟಿಕ್ ಪಿಕಪ್ ಅನ್ನುವ ಸೆನ್ಸರ್. ಒಂದೊಂದು ಹಲ್ಲು ಹಾದುಹೋದಾಗಲೂ ಪಿಕಪ್‌ನಿಂದ ಒಂದು ಅಲೆ ಬರುತ್ತದೆ. ಚಕ್ರಕ್ಕೆ 60 ಹಲ್ಲು ಇದ್ದರೆ ಲೆಕ್ಕ ಬಹಳ ಸುಲಭ, ಯಾಕಂದರೆ ಹರ್ಟ್ಸ್ (ಸೆಕೆಂಡಿಗೆ ಬರುವ ಅಲೆ) ಎಷ್ಟೋ ಆರ್‌ಪಿಎಂ ಅಷ್ಟೇ. 1500 ಹರ್ಟ್ಸ್ ಕೊಟ್ಟರೆ ಮೀಟರ್ 1500 ತೋರಿಸಬೇಕು. ಟೆಸ್ಟ್ ಮಾಡಲು ಇಂಥ ಅಲೆ ಕೊಡುವ, ನಮ್ಮಲ್ಲಿದ್ದ ಫಂಕ್ಷನ್ ಜನರೇಟರ್ ಕೆಟ್ಟಿತ್ತು. ಲ್ಯಾಪ್‌ಟಾಪ್‌ನಲ್ಲಿ ಟೋನ್ ಜನರೇಟರ್ ಸಾಫ್ಟ್‌ವೇರ್ ಹಾಕಿ, ಹೆಡ್‌ಫೋನ್ ಜ್ಯಾಕ್‌ನಿಂದ ನೇರವಾಗಿ ಮೀಟರ್‌ಗೆ ವೈರ್ ಎಳೆದೆ. ಮೀಟರ್ ಸೊನ್ನೆ ತೋರಿಸಿತು.

ವಾಲ್ಯೂಮ್ ಪೂರ್ತಿ ಏರಿಸಿದೆ, ಆಗಲೂ ಸೊನ್ನೆ. ಇನ್‌ಪುಟ್ ಐಸಿ ಹೋಗಿದೆ ಅಂದುಕೊಂಡು ಬಿಚ್ಚಿ ಹೊಸದು ಹಾಕಿದೆ. ಮತ್ತೆ ಸೊನ್ನೆ. ಬೋರ್ಡೇ ಹೋಗಿದೆ, ಹೊಸ ಮೀಟರ್ ತಗೊಳ್ಳಿ ಅಂತ ಕಾರ್ಖಾನೆಯವರಿಗೆ ಫೋನ್ ಮಾಡಿ ಹೇಳಿಯೂಬಿಟ್ಟೆ.

ಮರುದಿನ ನಮ್ಮಲ್ಲಿ ಹಿರಿಯರಾದ ಕಾಕಾ ಅದನ್ನು ನೋಡಿ, "ತಮ್ಮಾ, ಮೀಟರ್ ಬಿಚ್ಚೂದಕ್ಕಿಂತ ಮೊದ್ಲ ನಿನ್ನ ಸಿಗ್ನಲ್ ಎಷ್ಟ ವೋಲ್ಟ್ ಐತಿ ನೋಡಿಯೇನು?" ಅಂತ ಕೇಳಿದರು. ನಾನು ನೋಡಿರಲಿಲ್ಲ. ಅವರು ಡ್ರಿಲ್ ಮಷಿನ್‌ಗೆ ಒಂದು ಹಳೇ ಗೇರ್ ಸಿಕ್ಕಿಸಿ ತಿರುಗಿಸಿದರು, ಅದರ ಎದುರಿಗೆ ಪಿಕಪ್ ಹಿಡಿದರು. ಮೀಟರ್ ತಕ್ಷಣ ಅಂಕಿ ತೋರಿಸಿತು.

ಆಮೇಲೆ ಸ್ಕೋಪ್ (ಅಲೆಯ ಆಕಾರ ತೋರಿಸುವ ಉಪಕರಣ) ಹಚ್ಚಿ ನೋಡಿದೆ. ನನ್ನ ಲ್ಯಾಪ್‌ಟಾಪ್ ಪೂರ್ತಿ ವಾಲ್ಯೂಮ್‌ನಲ್ಲಿ ಕೊಡುತ್ತಿದ್ದುದು ಪೀಕ್ 0.9 ವೋಲ್ಟ್. ಆ ಮೀಟರ್ ಎಣಿಸಲು ಶುರು ಮಾಡಿದ್ದು 2.5 ವೋಲ್ಟ್ ದಾಟಿದ ಮೇಲೆ. ಸುತ್ತಲಿನ ವಿದ್ಯುತ್ ಗದ್ದಲವನ್ನೆಲ್ಲ ಎಣಿಸಬಾರದು ಅಂತ ಬೇಕೆಂದೇ ಹಾಗೆ ಮಾಡಿರುತ್ತಾರೆ. ನಿಜವಾದ ಪಿಕಪ್ ವೇಗ ಹೆಚ್ಚಾದಂತೆ ವೋಲ್ಟೇಜ್ ಕೂಡ ಜಾಸ್ತಿ ಕೊಡುತ್ತದೆ, ಅದಕ್ಕೆ ಇದು ತೊಂದರೆಯೇ ಅಲ್ಲ.

ಪ್ಲೇಯರ್‌ನಲ್ಲಿ ವಾಲ್ಯೂಮ್ 200 ಪರ್ಸೆಂಟ್ ಮಾಡಿದರೆ ಆಗುತ್ತಲ್ವಾ ಅಂತ ಕೆಲವರು ಕೇಳುತ್ತಾರೆ. ಆಗಲ್ಲ. ಸೌಂಡ್ ಚಿಪ್ ಕೊಡಬಲ್ಲ ವೋಲ್ಟೇಜ್‌ಗೆ ಒಂದು ಮಿತಿ ಇದೆ, ಅಲ್ಲಿಗೆ ಮುಟ್ಟಿದ ಮೇಲೆ ಅಲೆಯ ತಲೆ ಕತ್ತರಿಸಿದಂತೆ ಚಪ್ಪಟೆ ಆಗುತ್ತದೆ ಅಷ್ಟೇ. ಎಡ ಮತ್ತು ಬಲ ಚಾನೆಲ್‌ಗೆ ಉಲ್ಟಾ ಫೇಸ್ ಕೊಟ್ಟು, ಎರಡರ ಮಧ್ಯೆ ಸಿಗ್ನಲ್ ತೆಗೆದರೆ ದುಪ್ಪಟ್ಟು ಸಿಗುತ್ತದೆ. ನನಗೆ 1.8 ಸಿಕ್ಕಿತು, ಅದೂ ಸಾಲಲಿಲ್ಲ.

ಕೊನೆಗೆ ಓಪ್-ಆಂಪ್ (ಸಿಗ್ನಲ್ ದೊಡ್ಡದು ಮಾಡುವ ಐಸಿ) ಹಾಕಿ ಸಣ್ಣ ಬೂಸ್ಟರ್ ಮಾಡಿದೆ. 9 ವೋಲ್ಟ್‌ನ ಎರಡು ಬ್ಯಾಟರಿ ಸಾಲಾಗಿ ಜೋಡಿಸಿ, ನಡುವಿನ ಜೋಡಣೆಯನ್ನು ಗ್ರೌಂಡ್ ಮಾಡಿದೆ. ಸಿಗ್ನಲ್ ಪ್ಲಸ್ ಇನ್‌ಪುಟ್‌ಗೆ ಹೋಗುತ್ತದೆ, ಅಲ್ಲಿಂದ ಗ್ರೌಂಡ್‌ಗೆ 100 ಕೆ (ಕಿಲೋ ಓಮ್) ರೆಸಿಸ್ಟರ್. ಮೈನಸ್ ಇನ್‌ಪುಟ್‌ನಿಂದ ಗ್ರೌಂಡ್‌ಗೆ 10 ಕೆ, ಔಟ್‌ಪುಟ್‌ನಿಂದ ಮೈನಸ್‌ಗೆ 68 ಕೆ. ಗೇನ್, ಅಂದರೆ ಸಿಗ್ನಲ್ ಎಷ್ಟು ಪಟ್ಟು ದೊಡ್ಡದಾಗುತ್ತದೆ ಅನ್ನುವುದು: 68 ಭಾಗಿಸು 10, ಅದಕ್ಕೆ 1 ಕೂಡಿಸಿದರೆ 7.8. 0.9 ಇದ್ದದ್ದು 7 ವೋಲ್ಟ್ ಆಯಿತು. ಔಟ್‌ಪುಟ್‌ನಲ್ಲಿ ಕೇಬಲ್‌ಗೆ ಮುಂಚೆ 100 ಓಮ್ ಒಂದು ಹಾಕಿದೆ.

ಓಪ್-ಆಂಪ್ ಅಂತ ಕೈಯಲ್ಲಿದ್ದ ಎಲ್‌ಎಂ 358 ಹಾಕಿದ್ದೆ. 1500 ಹರ್ಟ್ಸ್‌ಗೆ ಚೆನ್ನಾಗಿತ್ತು. ಆದರೆ ಆ ಟರ್ಬೈನ್‌ಗೆ 8000ವರೆಗೆ ಚೆಕ್ ಮಾಡಬೇಕಿತ್ತು. ಅಲ್ಲಿ ಸ್ಕೋಪ್‌ನಲ್ಲಿ ದುಂಡಗಿನ ಸೈನ್ ವೇವ್ ಹೋಗಿ ತ್ರಿಕೋನ ಕಂಡಿತು. ಇದು ಗೇನ್ ತಪ್ಪಿದ್ದಲ್ಲ, ಸ್ಲ್ಯೂ ರೇಟ್ ಸಾಲದೆ ಆಗಿದ್ದು. ಔಟ್‌ಪುಟ್ ಒಂದು ಮೈಕ್ರೋಸೆಕೆಂಡ್‌ಗೆ ಎಷ್ಟು ವೋಲ್ಟ್ ಏರಬಲ್ಲದು ಅನ್ನುವುದೇ ಸ್ಲ್ಯೂ ರೇಟ್. ಎಷ್ಟು ಬೇಕು ಅಂತ ತಿಳಿಯಲು 2, 3.14, 8000, 7 ಇವನ್ನೆಲ್ಲ ಗುಣಿಸಿ, ಬರುವುದು ಸೆಕೆಂಡಿಗೆ ಸುಮಾರು 3.5 ಲಕ್ಷ ವೋಲ್ಟ್, ಅಂದರೆ ಮೈಕ್ರೋಸೆಕೆಂಡ್‌ಗೆ 0.35 ವೋಲ್ಟ್. ಎಲ್‌ಎಂ 358 ಸಾಮಾನ್ಯವಾಗಿ 0.3 ಕೊಡುತ್ತದೆ. ಟಿಎಲ್ 072 ಅನ್ನುವ ಇನ್ನೊಂದು ಓಪ್-ಆಂಪ್ ಆದರೆ 13ರ ಹತ್ತಿರ. ಎರಡಕ್ಕೂ ಪಿನ್ ಜೋಡಣೆ ಒಂದೇ, ಹಾಗಾಗಿ ಸಾಕೆಟ್‌ನಿಂದ ಒಂದನ್ನು ಕಿತ್ತು ಇನ್ನೊಂದನ್ನು ಕೂರಿಸಿದೆ, ಅಲೆ ಮತ್ತೆ ದುಂಡಗಾಯಿತು. ವೋಲ್ಟೇಜ್ ಏರಿಸುವಾಗ ಎಲ್ಲರೂ ಗೇನ್ ಒಂದನ್ನೇ ಲೆಕ್ಕ ಹಾಕುತ್ತಾರೆ, ನಾನೂ ಹಾಗೇ ಮಾಡಿದ್ದೆ, ಆದರೆ ವೋಲ್ಟ್ ಜಾಸ್ತಿ ಆದಷ್ಟೂ ಐಸಿ ಓಡಬೇಕಾದ ವೇಗವೂ ಜಾಸ್ತಿ ಆಗುತ್ತದೆ.

ಇದನ್ನೆಲ್ಲ ಮಲ್ಟಿಮೀಟರ್‌ನಲ್ಲಿ ನೋಡಲು ಹೋಗಬೇಡಿ. ಕಡಿಮೆ ಬೆಲೆಯವು ಎಸಿ ವೋಲ್ಟ್‌ನಲ್ಲಿ 400 ಹರ್ಟ್ಸ್‌ವರೆಗೆ ಮಾತ್ರ ಸರಿ ಹೇಳುವಂಥವು ಬಹಳ ಇವೆ.

ಲ್ಯಾಪ್‌ಟಾಪ್‌ನ ಸಿಸ್ಟಂ ಸೌಂಡ್ ಎಲ್ಲ ಬಂದ್ ಮಾಡಿ. ಒಮ್ಮೆ ಟೆಸ್ಟ್ ನಡುವೆ ಯಾವುದೋ ಮೆಸೇಜ್ "ಟಿಂಗ್" ಅಂತ ಬಂತು, ಅದೂ ಏಳೆಂಟು ಪಟ್ಟು ದೊಡ್ಡದಾಗಿ ಮೀಟರ್‌ಗೆ ಹೋಗಿ, ವೇಗ ಮಿತಿ ಮೀರಿದಾಗ ಕೆಲಸ ಮಾಡುವ ಓವರ್‌ಸ್ಪೀಡ್ ರಿಲೇ ಟ್ರಿಪ್ ಆಯಿತು. ಟೇಬಲ್ ಮೇಲಿದ್ದರಿಂದ ಏನೂ ಆಗಲಿಲ್ಲ. ಓಡುತ್ತಿರುವ ಪ್ಯಾನೆಲ್‌ಗೆ ಈ ಬೂಸ್ಟರ್ ಹಚ್ಚಲೇಬೇಡಿ. ಮೀಟರ್ ಬಿಚ್ಚಿ ತಂದು, ಲ್ಯಾಪ್‌ಟಾಪ್ ಚಾರ್ಜರ್ ತೆಗೆದು, ಅದನ್ನು ಅದರ ಬ್ಯಾಟರಿಯಲ್ಲೇ ಓಡಿಸಿ ಟೆಸ್ಟ್ ಮಾಡಿ. ಮೀಟರ್‌ಗೆ 230 ವೋಲ್ಟ್ ಬಂದಿರುತ್ತದೆ, ನೆನಪಿರಲಿ.

ಕಾರ್ಖಾನೆಯವರಿಗೆ ಮತ್ತೆ ಫೋನ್ ಮಾಡಿ, ಮೀಟರ್ ಚೆನ್ನಾಗಿದೆ, ನಾನೇ ತಪ್ಪು ಹೇಳಿದ್ದೆ ಅಂತ ತಿಳಿಸಿದೆ. ಐಸಿ ದುಡ್ಡು ತಗೊಳ್ಳಲಿಲ್ಲ. ಅವರ ಸೈಟ್‌ನಲ್ಲಿ ನೋಡಿದರೆ ಪಿಕಪ್ ಮತ್ತು ಹಲ್ಲಿನ ನಡುವಿನ ಗ್ಯಾಪ್ ಜಾಸ್ತಿ ಆಗಿತ್ತು, ಅಲ್ಲಿಯೂ ಸಿಗ್ನಲ್ಲೇ ಕಡಿಮೆ ಬರುತ್ತಿತ್ತು. ಗ್ಯಾಪ್ ಸರಿ ಮಾಡಿದ ಮೇಲೆ ಹಂಗಾಮು ಮುಗಿಯುವ ತನಕ ಅದೇ ಮೀಟರ್ ಓಡಿತು.